ಬಾಯ ನೀರಿನ ಬೆಲೆ

ಎಂಜಲೆಂದರೆ ನಮ್ಮ ಮನೆಗಳಲ್ಲಿ ಹೇಸಿಕೆ. ಎಂಜಲಾದ ಲೋಟವನ್ನು ಬೇರೆಯಿಡುತ್ತೇವೆ. ಎಂಜಲುಗೈಯಿಂದ ಬಡಿಸಹೊರಟ ಮಕ್ಕಳನ್ನು ಗದರುತ್ತೇವೆ. ದಿನಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ಬಾಯಲ್ಲಿ ಊರುವ ಆ ಲಾಲಾರಸವೇ ಬತ್ತಿಹೋದರೆ ಬಾಳು ಎಷ್ಟು ದುರ್ಭರವಾದೀತೆಂದು ಯೋಚಿಸುವವರು ವಿರಳ.

ನನ್ನ ಅಕ್ಕನಿಗೆ ಕೆಲವು ವರ್ಷಗಳ ಹಿಂದೆ ಗಂಟಲಿನಲ್ಲಿ ಕ್ಯಾನ್ಸರ್ ವ್ರಣವೆದ್ದು, ಕಿರಣಚಿಕಿತ್ಸೆಯಿಂದ ವಾಸಿಯಾಯಿತು. ಪ್ರಾಣವುಳಿಯಿತು, ಬಾಯಿ ಮಾತ್ರ ಒಣಗಿತು. ರೋಗವನ್ನು ಸುಟ್ಟ ಕಿರಣಗಳು ನೆರೆಯ ಲಾಲಾಗ್ರಂಥಿಗಳನ್ನೂ ಸುಟ್ಟಿದ್ದುವು. ಅಂದಿನಿಂದ ಆಕೆಗೆ ತುತ್ತು ತುತ್ತಿಗೂ ಒಂದು ಗುಟುಕು ನೀರು ಬೇಕು. ರಾತ್ರಿ ನಾಲಗೆ ಅಂಗುಳಿಗಂಟಿ ಎಚ್ಚರವಾಗುತ್ತದೆ. ಹಲ್ಲುಗಳು ಒಂದೊಂದಾಗಿ ಹುಳುಕಾದುವು. ಸಂಜೆಯ ದೇವರನಾಮ ಎರಡನೆಯ ಚರಣಕ್ಕೇ ನಿಂತುಹೋಗುತ್ತದೆ.

"ಇದಕ್ಕೆ ಮದ್ದೇ ಇಲ್ಲವೇನೋ?" ಎಂದು ಆಕೆ ಕೇಳಿದ ಮೇಲೆಯೇ ನಾನು ಈ ವಿಷಯವನ್ನು ಓದತೊಡಗಿದುದು.

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬ್ರೂಸ್ ಬೌಮ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದು ಉಪಾಯವನ್ನು ಪರೀಕ್ಷಿಸಿದರು. ಕಿರಣಗಳಿಂದ ಸಾಯುವುವು ಮುಖ್ಯವಾಗಿ ಗ್ರಂಥಿಯಲ್ಲಿ ನೀರನ್ನು ಒಸರಿಸುವ ಜೀವಕೋಶಗಳು. ಆ ನೀರನ್ನು ಬಾಯಿಗೆ ಸಾಗಿಸುವ ನಾಳದ ಕೋಶಗಳು ಉಳಿದಿರುತ್ತವೆ. ಆದರೆ ಅವುಗಳ ಗೋಡೆ ತಾನಾಗಿ ನೀರನ್ನು ಜಿನುಗಗೊಡದು. ಬಾವಿ ಬತ್ತಿದ ಮೇಲೆ ಕಾಲುವೆಯಲ್ಲೇ ಒರತೆ ತೆಗೆಯಬಾರದೇಕೆ? ದೇಹದಲ್ಲಿ ನೀರು ಹಾಯಲು ಬಾಗಿಲಿನಂತಿರುವ ಅಕ್ವಪೋರಿನ್ ಎಂಬ ವಸ್ತುವೊಂದುಂಟು. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಬಹುಮಾನ ಬಂದಿತು. ಆ ಬಾಗಿಲನ್ನು ಕಟ್ಟುವ ವಂಶವಾಹಿಯನ್ನು ಪಳಗಿಸಿದ ವೈರಸ್ಸೊಂದರಲ್ಲಿಟ್ಟು, ಕೆನ್ನೆಯ ಒಳಮೈಯಲ್ಲಿ ತೆರೆಯುವ ನಾಳದೊಳಕ್ಕೆ ಸಣ್ಣ ಕೊಳವೆಯನ್ನು ತೂರಿಸಿ, ಪಿಚಕಾರಿಯಿಂದ ಮೆಲ್ಲಗೆ ಒಂದೇ ಗ್ರಂಥಿಗೆ ಸೇರಿಸಿದರು.

ಈ ಪರೀಕ್ಷೆಗೆ ಒಡ್ಡಿಕೊಂಡವರು 11 ಮಂದಿ. 2012ರಲ್ಲಿ ಪ್ರಕಟವಾದ ವರದಿಯಂತೆ, 6 ಮಂದಿಯ ಗ್ರಂಥಿಯಲ್ಲಿ ರಸ ಹೆಚ್ಚಿತು. ಅವರಲ್ಲಿ ಐವರಿಗೆ ಬಾಯ ಒಣಗೂ ತಗ್ಗಿದಂತೆ ತೋರಿತು. ಗುಣ ಕಂಡವರೆಲ್ಲರೂ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಪಡೆದವರೇ! ಅತಿಯಾದರೆ ಅಮೃತವೂ ವಿಷವೆಂಬ ನಾಣ್ಣುಡಿಯನ್ನು ಪ್ರಯೋಗಶಾಲೆಯೂ ಒಪ್ಪಿದಂತಾಯಿತು. ಬಳಿಕ ಇನ್ನೊಂದು ಬಗೆಯ ವೈರಸ್ಸಿನಿಂದ ಮುಂದಿನ ಪರೀಕ್ಷೆಗಳು ಆರಂಭವಾದುವು.

ಇದನ್ನೆಲ್ಲ ಹೇಳಿದಾಗ ಅಕ್ಕ ಗುಣವಾದವರ ಮಾತನ್ನೆತ್ತಲಿಲ್ಲ. "ಮಿಕ್ಕ ಐವರ ಗತಿ?" ಎಂದಳು. ಅವರ ಗ್ರಂಥಿಯಲ್ಲಿ ರಸ ಹೆಚ್ಚಲಿಲ್ಲವೆಂದೆ. "ಪಾಪ, ಅವರೂ ನನ್ನಂತೆ ನೀರಿನ ಚೊಂಬು ಹಿಡಿದೇ ಹೋಗಿರಬೇಕು" ಎಂದು ಸುಮ್ಮನಾದಳು.

ಆಕೆಯ ಮಾತು ನನ್ನನ್ನು ಬಿಡಲಿಲ್ಲ. ಹೊಸ ಮದ್ದು ಮನೆಬಾಗಿಲಿಗೆ ಬಂದಾಗ ಅದನ್ನು ಕಂಡುಹಿಡಿದವರ ಹೆಸರನ್ನು ನಾವು ಕೇಳುತ್ತೇವೆ. ಅದನ್ನು ಮೊದಲು ತಮ್ಮ ಮೈಮೇಲೆ ಪಡೆದವರ ಹೆಸರು ಯಾರಿಗೂ ತಿಳಿಯದು. ಒಮ್ಮೆ ಸಾವನ್ನು ಕಂಡು ಬಂದವರು, ಗುಣವಾಗುವ ಭರವಸೆಯಿಲ್ಲದೆಯೂ ಮತ್ತೆ ವೈದ್ಯನ ಮುಂದೆ ಕುಳಿತು ಬಾಯಿ ತೆರೆದರು. ಎಷ್ಟು ಕೊಟ್ಟರೆ ಹಿತ, ಎಷ್ಟಾದರೆ ವ್ಯರ್ಥವೆಂಬ ಅರಿವಿನಲ್ಲಿ ಫಲ ಕಾಣದವರ ಪಾಲೂ ಇದೆ. ಪರರ ಬಾಯಿ ತೇವವಾಗಲೆಂದು ತಮ್ಮ ಒಣಬಾಯನ್ನು ಒಡ್ಡಿದ ಅಂಥವರ ಋಣ ದೊಡ್ಡದು.