ಬಾಸ್ ಇಲ್ಲದ ಊರಲ್ಲಿ ಬಾಸ್ ಗಾಳ

ಬಾಸ್ ಅನ್ನೋ ಮೀನನ್ನ ನಾವು ಮೂವರೂ ಇವತ್ತಿನವರೆಗೆ ಕಣ್ಣಾರೆ ನೋಡಿಲ್ಲ. ಅದು ಅಮೆರಿಕದ ಮೀನು, ಅಲ್ಲಿಂದ ಜಪಾನ್‌ಗೂ ಹೋಗಿ ಸೇರಿಕೊಂಡಿದೆ, ಬೊಮ್ಮನಹಳ್ಳಿ ಕಡೆಗಂತೂ ಬಂದಿಲ್ಲ. ಆದರೂ ನಮ್ಮ ಹತ್ತಿರ ಇರೋದು ಬಾಸ್ ರಾಡ್, ಬಾಸ್ ರೀಲ್. ಡಬ್ಬಿಯಲ್ಲಿರೋ ರಬ್ಬರ್ ಕಪ್ಪೆಗಳ ಪ್ಯಾಕೆಟ್ ಮೇಲೆಲ್ಲ ಬಾಯಿ ತೆರೆದ ಬಾಸ್ ಚಿತ್ರ. ಫಸ್ಟ್ ಸೆಮ್ ರಜೆಯಲ್ಲಿ ಎಲ್ಲರೂ ವೆಬ್ ಸೀರೀಸ್ ನೋಡ್ತಿದ್ದಾಗ ನಾವು ಅಮೆರಿಕದವರು ಕೆರೆಯಲ್ಲಿ ನಿಂತು ಗಾಳ ಬೀಸೋ ವಿಡಿಯೋ ನೋಡ್ತಿದ್ವಿ. ಯಾಕೆ ಅಂತ ಕೇಳಿದರೆ ಹೇಳೋದು ಕಷ್ಟ. ಆ ರೀಲ್ ಸುತ್ತೋ ಶಬ್ದ ಚೆನ್ನಾಗಿರುತ್ತೆ, ಅಷ್ಟೆ.

ನಾವು ಅಂದ್ರೆ ಒಬ್ಬ ಮೆಕ್ಯಾನಿಕಲ್, ಒಬ್ಬ ಇಸಿ, ಒಬ್ಬ ಸಿಎಸ್. ಮೂವರ ಮನೆಯೂ ಬೊಮ್ಮನಹಳ್ಳಿಯಲ್ಲೇ, ಹೊಸೂರು ರೋಡಿನ ಎರಡು ಬದಿಗೆ. ಇಸಿಯವನ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರಲ್ಲ, ಹಾಗಾಗಿ ಸಾಮಾನೆಲ್ಲ ಮೆಕ್ಯಾನಿಕಲ್‌ನವನ ಮಂಚದ ಕೆಳಗೆ. ಇಸಿಯವನ ಮನೆಯವರಿಗೆ ಇದು ಇನ್ನೂ ‘ಪ್ರಾಜೆಕ್ಟ್ ವರ್ಕ್’.

ವಿಡಿಯೋಗಳಿಂದ ನಮಗೆ ಬಾಸ್ ಪುರಾಣವೆಲ್ಲ ಬಾಯಿಪಾಠವಾಗಿತ್ತು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಎಂಬಾತ 22 ಪೌಂಡ್ 4 ಔನ್ಸ್ ತೂಕದ ಬಾಸ್ ಹಿಡಿದದ್ದು, ಅಂದ್ರೆ ಸುಮಾರು 10 ಕೆಜಿ. 77 ವರ್ಷ ಆ ದಾಖಲೆಯನ್ನ ಯಾರೂ ಮುಟ್ಟಲಿಲ್ಲ. ಕೊನೆಗೆ 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಸರಿಗಟ್ಟಿದರು. ಫಿನ್‌ಲೆಂಡಿನ ಲೌರಿ ರಪಾಲಾ 1936ರಲ್ಲಿ ತಮ್ಮ ಮೊದಲ ಹುಸಿಮೀನನ್ನ ಬೆಂಡಿನಲ್ಲಿ ಕೆತ್ತಿ, ಚಾಕೊಲೇಟ್ ಸುತ್ತೋ ಬೇಗಡೆ ಅಂಟಿಸಿ, ಕರಗಿಸಿದ ಫೋಟೋ ನೆಗೆಟಿವ್‌ಗಳನ್ನೇ ಮೇಲೆ ವಾರ್ನಿಶ್‌ ಥರ ಬಳಿದಿದ್ದರಂತೆ. ಇಷ್ಟೆಲ್ಲ ಗೊತ್ತು. ಆದರೆ 1946ರಲ್ಲಿ ನಮ್ಮದೇ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗನ್ ಕುಟುಂಬದವರೊಬ್ಬರು 120 ಪೌಂಡಿನ ಮಾಹಶೀರ್ ಎಳೆದಿದ್ದರು ಅನ್ನೋದು ಕಿವಿಗೆ ಬಿದ್ದದ್ದು ಎಷ್ಟೋ ತಿಂಗಳ ಮೇಲೆ. 54 ಕೆಜಿ! ಪೆರಿಯ ಮೀನಿನ ಐದು ಪಟ್ಟು. ಕಾವೇರಿ ಕಡೆಯವರು ಮಾಹಶೀರ್‌ಗೆ ‘ಬಿಳಿಮೀನು’ ಅಂತಾರೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಹಿಡಿದು ವಾಪಸ್ ಬಿಡೋ ಗಾಳದ ಕ್ಯಾಂಪ್‌ಗಳೂ ಇದ್ದವು. ಅದು ಕಾವೇರಿ ವನ್ಯಜೀವಿಧಾಮ, ಅಲ್ಲಿ ಗಾಳ ನಿಂತು ಹತ್ತು ವರ್ಷದ ಮೇಲಾಯ್ತು. ಗೂನುಬೆನ್ನಿನ ಮಾಹಶೀರ್ ಈಗ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿದೆ. ಆ ಬಾಗಿಲು ನಮ್ಮ ಕಾಲಕ್ಕೆ ಮುಚ್ಚಿದೆ, ಮುಚ್ಚಿರೋದೇ ಸರಿ.

ಮೊದಲ ಕಲಿಕೆಯೆಲ್ಲ ನಡೆದದ್ದು ಮೆಕ್ಯಾನಿಕಲ್‌ನವನ ಮನೆ ಟೆರೇಸ್ ಮೇಲೆ, ಎರಡು ನೀರಿನ ಟ್ಯಾಂಕ್‌ಗಳ ನಡುವೆ. ಮುಳ್ಳಿರೋ ಕಪ್ಪೆಯನ್ನ ಅಲ್ಲಿ ಬೀಸೋಕಾಗಲ್ಲ, ಪಕ್ಕದ ಮನೆಯವರ ಬಟ್ಟೆ ಒಣಗಿರುತ್ತೆ. ಅದಕ್ಕೆ ಒಂದು ಎಂ10 ನಟ್ ಕಟ್ಟಿದ್ವಿ, ಸುಮಾರು 11 ಗ್ರಾಂ, ಕಪ್ಪೆಯಷ್ಟೇ ತೂಕ. ಪಕ್ಕದ ಟೆರೇಸ್‌ನ ಆಂಟಿ ಎರಡು ದಿನ ಸುಮ್ಮನೆ ನೋಡಿ, ಮೂರನೇ ದಿನ “ಏನ್ರೋ ಅದು, ಗಾಳಿಪಟದ ಮಷಿನ್ನಾ?” ಅಂತ ಕೇಳಿದ್ರು.

ಈ ಬೇಟ್‌ಕಾಸ್ಟಿಂಗ್ ರೀಲ್ ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೀಸಿದಾಗ ದಾರದ ಉರುಳೆಯೇ ತಿರುಗುತ್ತೆ. ಗಾಳಿಯ ತಡೆಗೆ ನಟ್ ನಿಧಾನವಾಗುತ್ತೆ, ಆದರೆ ಉರುಳೆಗೆ ಜಡತ್ವ ಇದೆ, ಅದು ಅದೇ ವೇಗದಲ್ಲಿ ತಿರುಗ್ತಾನೇ ಇರುತ್ತೆ. ಹೊರಗೆ ಹೋಗೋಕೆ ಜಾಗ ಇಲ್ಲದ ದಾರ ಅಲ್ಲೇ ಉಬ್ಬಿ, ಸುತ್ತಿಕೊಂಡು, ಗೀಜಗನ ಗೂಡಾಗುತ್ತೆ. ಬಿಡಿಸೋಕೆ ಅರ್ಧ ಗಂಟೆ. ಇದನ್ನ ತಡೆಯೋಕೆ ರೀಲ್ ಒಳಗೆ ಎರಡು ಥರದ ಬ್ರೇಕ್ ಬರುತ್ತೆ. ಒಂದು ಮ್ಯಾಗ್ನೆಟಿಕ್. ಅಲ್ಯೂಮಿನಿಯಂ ಉರುಳೆ ಆಯಸ್ಕಾಂತದ ಪಕ್ಕ ತಿರುಗಿದಾಗ ಎಡ್ಡಿ ಕರೆಂಟ್ ಹುಟ್ಟಿ ಅದನ್ನೇ ತಡೆಯುತ್ತೆ, ತಡೆ ವೇಗದ ಜೊತೆ ಏರುತ್ತೆ. ಇನ್ನೊಂದು ಸೆಂಟ್ರಿಫ್ಯೂಗಲ್. ಪುಟ್ಟ ತೂಕದ ತುಂಡುಗಳು ಹೊರಗೆ ಸರಿದು ಒಂದು ಬಳೆಗೆ ಉಜ್ಜುತ್ತವೆ, ಅದರ ತಡೆ ವೇಗದ ವರ್ಗದ ಜೊತೆ ಏರುತ್ತೆ. ಅಂದ್ರೆ ಬೀಸಿದ ಕೂಡಲೇ ಜೋರಾಗಿ ಹಿಡಿದು, ಕೊನೆಯಲ್ಲಿ ಕೈಬಿಡುತ್ತೆ. ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಎಡ್ಡಿ ಕರೆಂಟ್ ಮೇಲೆ ನಾವು ಬರೆದ ಉತ್ತರ ಯಾರಿಗೂ ನೆನಪಿಲ್ಲ, ರೀಲ್‌ನ ಪಕ್ಕದ ಡಯಲ್ 7ರಿಂದ 4ಕ್ಕೆ ಇಳಿಸಿದಾಗ ಏನಾಗುತ್ತೆ ಅನ್ನೋದು ಚೆನ್ನಾಗಿ ನೆನಪಿದೆ. ಕೊನೆಗೂ ನಿಜವಾದ ಬ್ರೇಕ್ ಅಂದ್ರೆ ಹೆಬ್ಬೆಟ್ಟು. ಇಸಿಯವನು ಅದಕ್ಕೆ ‘ಕ್ಲೋಸ್ಡ್ ಲೂಪ್ ಕಂಟ್ರೋಲ್’ ಅಂತಾನೆ. ಅವನಿಗೆ ಎಲ್ಲವೂ ಅದೇ.

ಎಲ್ಲಿ ಹಿಡಿಯೋದು ಅನ್ನೋದು ಆಮೇಲಿನ ಪ್ರಶ್ನೆ. ನಮ್ಮ ಸುತ್ತ ಕೆರೆಗಳಿಗೇನು ಬರವಿಲ್ಲ. ಮಡಿವಾಳ, ಬೇಗೂರು, ಹುಳಿಮಾವು, ಅಗರ. ಆದರೆ ಕೆರೆಗಳಲ್ಲಿ ಮೀನಿನ ಹಕ್ಕು ಟೆಂಡರ್ ಮೇಲೆ ಹೋಗುತ್ತೆ, ಸುತ್ತ ಬೇಲಿ, ವಾಕಿಂಗ್ ಟ್ರ್ಯಾಕ್, ಮೀನು ಹಿಡಿಯಬಾರದು ಅನ್ನೋ ಬೋರ್ಡ್. ಕದ್ದು ಹಿಡಿಯೋ ಆಸೆ ನಮಗಿರಲಿಲ್ಲ. ವಿಚಾರಿಸ್ತಾ ವಿಚಾರಿಸ್ತಾ ಆನೇಕಲ್ ಕಡೆ ಒಂದು ಕೆರೆಯ ಗುತ್ತಿಗೆದಾರರು ಸಿಕ್ಕಿದ್ರು. ತಲೆಗೆ 200 ರೂಪಾಯಿ, ಒಂದು ಷರತ್ತು: ಕಾಟ್ಲಾ, ರೋಹು ಸಿಕ್ಕರೆ ವಾಪಸ್ ನೀರಿಗೆ, ಕೊರಮೀನು ಸಿಕ್ಕರೆ ಯಾವುದೇ ಕಾರಣಕ್ಕೂ ವಾಪಸ್ ಬಿಡಬಾರದು.

ಕೊರಮೀನು ಅಂದ್ರೆ ಮೀನಂಗಡಿಯವರ ಮುರ್ರೆಲ್. ಹಾವಿನ ತಲೆಯಂಥ ತಲೆ, ಉದ್ದ ಮೈ, ಬಾಯಿ ತುಂಬ ಹಲ್ಲು. ಅಂಗಡಿ ಮುಂದೆ ನೀಲಿ ಟಬ್ಬಿನಲ್ಲಿ ಜೀವಂತ ಇಟ್ಟು ಮಾರ್ತಾರಲ್ಲ, ಅದೇ. ಹೈದರಾಬಾದಿನಲ್ಲಿ ಮೃಗಶಿರಾ ಸಮಯಕ್ಕೆ ಉಬ್ಬಸದ ಔಷಧಿ ಅಂತ ಸಾಲು ನಿಂತು ನುಂಗೋದೂ ಇದರ ಮರಿಯನ್ನೇ. ಟಬ್ಬಿನ ಒಂದು ಗೇಣು ನೀರಲ್ಲಿ ಅದು ಹೇಗೆ ಬದುಕುತ್ತೆ ಅಂದ್ರೆ, ಅದಕ್ಕೆ ಕಿವಿರಿನ ಮೇಲೆ ಗಾಳಿ ಉಸಿರಾಡೋ ಒಂದು ಅಂಗ ಇದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತಗೊಂಡು ಹೋಗಲೇಬೇಕು, ಮೇಲೆ ಬರೋಕೆ ಬಿಡದಿದ್ದರೆ ನೀರಲ್ಲೇ ಉಸಿರುಕಟ್ಟಿ ಸಾಯುತ್ತೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಕೆಲವರಿಗೆ ನೆನಪಿರಬಹುದು. ನೀರಿನ ಆಮ್ಲಜನಕ ಕುಸಿದರೆ ಕಾಟ್ಲಾ, ರೋಹುಗಳ ಕಥೆ ಮುಗಿದಂತೆ, ಮುರ್ರೆಲ್ ಮಾತ್ರ ಮೇಲೆ ಬಂದು ಉಸಿರೆಳೆದು ಹೋಗುತ್ತೆ. ಬೆಂಗಳೂರಿನ ನೀರಿಗೆ ಹೇಳಿ ಮಾಡಿಸಿದ ಮೀನು.

ತಮಾಷೆ ಏನು ಗೊತ್ತಾ? 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಕ್ರಾಫ್ಟನ್ ಅನ್ನೋ ಊರಿನ ಕೊಳದಲ್ಲಿ ಇದರ ಚೀನಾ ದಾಯಾದಿ ಸಿಕ್ಕಿತು. ಪತ್ರಿಕೆಗಳು ‘ಫ್ರಾಂಕನ್‌ಫಿಶ್’ ಅಂತ ಕೂಗಾಡಿದವು, ಕೊಳಕ್ಕೆ ವಿಷ ಹಾಕಿಸಿದರು. ಬಾಸ್ ಊರಲ್ಲಿ ನಮ್ಮ ಮೀನಿನ ದಾಯಾದಿ ವಿಲನ್. ನಮ್ಮ ಊರಲ್ಲಿ ಬಾಸ್‌ಗೆ ಮಾಡಿದ ಕಪ್ಪೆಗೆ ಬಾಯಿ ಹಾಕೋದು ಇದೇ ಮೀನು. ಎರಡೂ ಜೊಂಡು, ಕಮಲದೆಲೆ, ಕಳೆ ಇರೋ ಕಡೆ ಅಡಗಿ ಕೂತು ಮೇಲೆ ಹೋಗೋದನ್ನ ಹಾರಿ ಹಿಡಿಯೋ ಜಾತಿ. ಕಪ್ಪೆಯ ಮೈ ಟೊಳ್ಳು, ಎರಡು ಮುಳ್ಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖ ಇರುತ್ತವೆ, ಕಳೆಗೆ ಸಿಕ್ಕಲ್ಲ. ಮೀನು ಕಚ್ಚಿದಾಗ ಮೈ ಚಪ್ಪಟೆಯಾಗಿ ಮುಳ್ಳು ಹೊರಬರುತ್ತೆ. ಸಿಂಪಲ್ ಡಿಸೈನ್, ಸಕ್ಕತ್ ಡಿಸೈನ್.

ಕೆರೆಗೆ ಒಬ್ಬ ಕಾವಲಿನ ತಾತ ಇದ್ದಾರೆ. ಅವರದು ಬಿದಿರಿನ ಕೋಲು, ಥರ್ಮೋಕೋಲ್ ಚೂರಿನ ಬೆಂಡು, ತೆಂಗಿನ ಚಿಪ್ಪಿನ ತುಂಬ ಎರೆಹುಳು. ನಮ್ಮ ರೀಲ್ ಬಿಚ್ಚಿ ಹೊಂದಿಸೋ ಹೊತ್ತಿಗೆ ಅವರು ನಾಲ್ಕು ಜಿಲೇಬಿ ಮೀನು ಎಳೆದಿರ್ತಾರೆ. “ಎರೆ ಇಲ್ದೆ ಮೀನು ಯಾಕ್ ಬರ್ತದೆ?” ಅಂತ ಮೊದಲ ದಿನವೇ ಕೇಳಿದ್ರು. ಎರೆ ಅಂದ್ರೆ ಹುಳ ಅಂತ ಅಂದ್ಕೊಂಡಿದ್ದ ನಮಗೆ ಅವರ ಮಾತು ಕೇಳ್ತಾ ಕೇಳ್ತಾ ತಿಳೀತು: ಎರೆ ಅಂದ್ರೆ ಗಾಳಕ್ಕೆ ಚುಚ್ಚೋ ತಿನಿಸು, ಎರೆಗೆ ಬಳಸೋ ಹುಳ ಎರೆಹುಳು. ಐದನೇ ಕ್ಲಾಸಿನ ಪುಸ್ತಕದಲ್ಲಿ ‘ಅರ್ತ್‌ವರ್ಮ್, ಫಾರ್ಮರ್ಸ್ ಫ್ರೆಂಡ್’ ಅಂತ ಓದಿದವರಿಗೆ ಈ ಪದದ ಒಳಗೇ ಒಂದು ಗಾಳ ಇರೋದು ಹೇಗೆ ಕಾಣಬೇಕು?

ಮೊದಲ ಮುರ್ರೆಲ್ ಸಿಕ್ಕಿದ್ದು ಕಳೆದ ಜನವರಿಯಲ್ಲಿ, ನಾಲ್ಕನೇ ಸಲ ಹೋದಾಗ. ಕಮಲದೆಲೆ ಅಂಚಲ್ಲಿ ಕಪ್ಪೆಯನ್ನ ಕುಣಿಸ್ತಾ ಬರುವಾಗ ಬಾವಿಗೆ ತೆಂಗಿನಕಾಯಿ ಬಿದ್ದ ಹಾಗೆ ಶಬ್ದ. ಕೂಡಲೇ ಎಳೀಬಾರದು, ಅದು ಕಪ್ಪೆಯನ್ನ ಬಾಯೊಳಗೆ ಹೊರಳಿಸಿಕೊಳ್ಳೋಕೆ ಎರಡು ಸೆಕೆಂಡ್ ಬಿಡಬೇಕು. ಆ ಎರಡು ಸೆಕೆಂಡ್ ಇದೆಯಲ್ಲ, ವೈವಾದಲ್ಲಿ ನಮ್ಮ ನಂಬರ್ ಕರೆದ ಮೇಲೆ ಬಾಗಿಲು ತೆಗೆಯೋವರೆಗಿನ ಹೊತ್ತು. ಮೀನು ಒಂದೂಕಾಲು ಕೆಜಿ ಇತ್ತು. ಷರತ್ತಿನ ಪ್ರಕಾರ ತಾತನಿಗೆ ಕೊಟ್ವಿ. ಒದ್ದೆ ಗೋಣಿಚೀಲದಲ್ಲಿ ಅದು ಮಧ್ಯಾಹ್ನದವರೆಗೂ ಬದುಕಿತ್ತು.

ಆಗಸ್ಟ್ 2025ರಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಹೋಗೋದು ಸುಲಭವಾಯ್ತು. ಬೊಮ್ಮನಹಳ್ಳಿಯಲ್ಲಿ ಹತ್ತಿ ಬೊಮ್ಮಸಂದ್ರದಲ್ಲಿ ಇಳಿದರೆ ಅಲ್ಲಿಂದ ಬಸ್ಸು. ಸ್ಕ್ಯಾನರ್ ಪರದೆ ಮೇಲೆ ನಮ್ಮ ಡಬ್ಬಿ ನೋಡಿ ಸೆಕ್ಯೂರಿಟಿ ಅಣ್ಣ ತೆಗೆಸಿದ್ರು. ರಬ್ಬರ್ ಕಪ್ಪೆಯನ್ನ ಬೆರಳಲ್ಲಿ ಒತ್ತಿ ನೋಡಿ, “ಇದಕ್ಕೆ ಮೀನು ಮೋಸ ಹೋಗುತ್ತಾ?” ಅಂದ್ರು. ಕೆಲವೊಮ್ಮೆ ಅಂದ್ವಿ.

ಸೆಪ್ಟೆಂಬರ್‌ನ ಒಂದು ಶನಿವಾರ, ಮಳೆ ಬಿಟ್ಟಿತ್ತು. ಏರಿಯ ಪಕ್ಕ, ದಡದಿಂದ ಹತ್ತಡಿ ದೂರದಲ್ಲಿ ನೀರು ಕುದಿಯೋ ಹಾಗೆ ಕಾಣ್ತಿತ್ತು. ಹತ್ತಿರ ಹೋದರೆ ಕುಂಕುಮ ಕಲಸಿದ ಹಾಗೆ ಕೆಂಪು. ನೂರಾರು ಮರಿಗಳು, ಒಂದೊಂದೂ ಬೆಂಕಿಕಡ್ಡಿ ಗಾತ್ರ, ಗುಂಪಾಗಿ ಮೇಲೆ ಬಂದು ಗಾಳಿ ತಗೊಂಡು ಒಟ್ಟಿಗೆ ಮುಳುಗ್ತಿದ್ದವು. ಮುರ್ರೆಲ್ ಮರಿಗಳು. ಅವುಗಳ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಗೂಡು ಕಟ್ಟಿ, ಮೊಟ್ಟೆ ಕಾದು, ಮರಿ ದೊಡ್ಡದಾಗಿ ಚದುರೋವರೆಗೆ ಬಿಟ್ಟು ಹೋಗಲ್ಲ. ಆ ಗುಂಪಿನ ಮೇಲೆ ಏನು ಬಿದ್ದರೂ, ಹಸಿವಿಗಲ್ಲ, ಸಿಟ್ಟಿಗೆ ಹಾರಿ ಕಚ್ಚುತ್ತವೆ. ಅಂದ್ರೆ ಕಪ್ಪೆ ಎಸೆದರೆ ಸಾಕು, ಮೀನು ಖಂಡಿತ. ತಾಯಿಯೋ ತಂದೆಯೋ ಹೋದರೆ ಮರಿಗಳಿಗೆ ಕಾವಲು ಹೋಯ್ತು, ಜಿಲೇಬಿಗಳೇ ಮುಗಿಸುತ್ತವೆ.

ತಾತ ಓಡಿ ಬಂದ್ರು. “ಹಾಕ್ರಪ್ಪಾ, ಮರಿ ಮೇಲೇ ಹಾಕ್ರಿ! ದೊಡ್ಡದು ಐತೆ, ಈಗ್ಲೇ ಬರ್ತದೆ.”

ಮೆಕ್ಯಾನಿಕಲ್‌ನವನು ರಾಡ್ ಎತ್ತಿದ. ಇಸಿಯವನು ಅವನ ಕೈ ಹಿಡಿದ. ಅಲ್ಲೇ ನಿಂತು ಜಗಳ. ಮರಿ ಕಾಯೋ ಮೀನಿಗೆ ಗಾಳ ಹಾಕೋದು ಆಟವೇ ಅಲ್ಲ, ಅದು ಬಲೆಗಿಂತ ಕಡೆ ಅನ್ನೋದು ಒಂದು ಕಡೆ. ಇದು ಕಾಡಲ್ಲ, ಒಬ್ಬರ ಹೊಟ್ಟೆಪಾಡು ಅನ್ನೋದು ಇನ್ನೊಂದು ಕಡೆ. ಎರಡನೆಯದು ಸುಳ್ಳೂ ಅಲ್ಲ. ಗುತ್ತಿಗೆದಾರರು ದುಡ್ಡು ಕೊಟ್ಟು ತಂದು ಬಿಟ್ಟ ಕಾಟ್ಲಾ ಮರಿಗಳನ್ನ ತಿಂದು ಬೆಳೆಯೋದು ಇದೇ ಮುರ್ರೆಲ್. “ಈ ನೂರು ಬೆಳೆದ್ರೆ ನಮ್ ಮರಿ ಒಂದೂ ಉಳ್ಯಲ್ಲ, ಎಲ್ಲಾ ನುಂಗಾಕ್ತವೆ” ಅಂತ ತಾತ ಹೇಳಿದಾಗ ನಮ್ಮಲ್ಲಿ ಯಾರೂ ಎದುರು ಮಾತಾಡಲಿಲ್ಲ. ಅವರಿಗೆ ಸಂಬಳ ಕೊಡೋದು ಆ ಕಾಟ್ಲಾ. ನಮಗೆ ಮೆಸ್‌ನಲ್ಲಿ ಊಟ ಹಾಕೋದು ಬೇರೆ ಯಾರೋ.

ಎರಡಕ್ಕೆ ಒಂದು ಓಟಾಯ್ತು, ಹಾಕಲಿಲ್ಲ. ಕೆರೆಯ ಆಚೆ ದಡಕ್ಕೆ ಹೋಗಿ ಹನ್ನೊಂದು ಗಂಟೆವರೆಗೂ ಬೀಸಿದ್ವಿ, ಒಂದೂ ಮುಟ್ಟಲಿಲ್ಲ. ಮಧ್ಯೆ ಮಧ್ಯೆ ಏರಿ ಕಡೆ ಕಣ್ಣು ಹೋಗ್ತಿತ್ತು. ಮರಿಗಳು ಐದು ನಿಮಿಷಕ್ಕೊಮ್ಮೆ ಎದ್ದು ಮುಳುಗ್ತಿದ್ದವು.

ಹೊರಡುವಾಗ ತಾತ, “ಆ ಕಪ್ಪೆ ಒಂದ್ ಬಿಟ್ಟೋಗ್ರಪ್ಪಾ” ಅಂದ್ರು. ಬಿದಿರು ಕೋಲಿಗೆ ಅದು ಸರಿಹೋಗಲ್ಲ ಅಂದ್ವಿ. “ಕೋಲ್ ಯಾಕೆ, ದಾರ ಸಾಕು, ಹತ್ತಡಿ ತಾನೆ?” ಅಂದ್ರು. ಕೊಡಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅವರ ಕೆರೆ, ಅವರ ಚಿಪ್ಪಿನ ಎರೆಯಿಂದ ನಮಗೆ ಎಷ್ಟು ಸಲ ಜಿಲೇಬಿ ಹಿಡಿಸಿಕೊಟ್ಟಿದ್ದಾರೆ. ಹಸಿರು ಕಪ್ಪೆ ಕೊಟ್ವಿ. ಅವರು ಅದನ್ನ ಅಂಗಿ ಜೇಬಿಗೆ ಹಾಕ್ಕೊಂಡ್ರು, ಮುಳ್ಳು ಚುಚ್ಚದ ಹಾಗೆ ಒಂದು ಬೀಡಿ ಕಾಗದ ಸುತ್ತಿ.

ಬಸ್‌ಸ್ಟಾಪ್‌ನಲ್ಲಿ ಮೆಕ್ಯಾನಿಕಲ್‌ನವನು ಕೇಳಿದ: “ಈಗ ಏನ್ ವ್ಯತ್ಯಾಸ ಆಯ್ತು ಮಗಾ?” ಇಸಿಯವನು ಬೊಮ್ಮಸಂದ್ರದವರೆಗೂ ಯೋಚನೆ ಮಾಡಿ, “ನಾವು ಹಾಕಲಿಲ್ಲ” ಅಂದ. ಈ ಜಗಳ ಕ್ಯಾಂಟೀನ್‌ನಲ್ಲಿ ಇನ್ನೂ ನಡೀತಿದೆ, ಬಂದು ಸೇರ್ಕೊಳ್ಳಬಹುದು.

ಮುಂದಿನ ಸಲ ಡಿಸೆಂಬರ್‌ನಲ್ಲಿ, ಇಂಟರ್ನಲ್ಸ್ ಮುಗಿದ ಮೇಲೆ ಹೋಗ್ತೀವಿ, ಮಳೆಗಾಲದ ಮರಿಗಳೆಲ್ಲ ಚದುರಿರುತ್ತವೆ. ಬರೋ ಮನಸ್ಸಿದ್ದವರು ಹೇಳಿ. ಟೋಪಿ, ನೀರು, 200 ರೂಪಾಯಿ ತನ್ನಿ. ಬೇಟ್‌ಕಾಸ್ಟರ್ ಮಾತ್ರ ಕೇಳಬೇಡಿ, ಗೂಡು ಬಿಡಿಸೋಕೆ ನಮ್ಮಲ್ಲಿ ತಾಳ್ಮೆ ಉಳಿದಿಲ್ಲ.