ಕಲ್ಲಿಗೆ ಬೀಗವುಂಟೆ?

ಬೀಗವೆಂಬುದು ಸಭ್ಯರಿಗಾಗಿಯೇ ಹುಟ್ಟಿದ ವಸ್ತುವೆಂದು ನನಗೆ ಬಹುಕಾಲದಿಂದ ಒಂದು ಅನುಮಾನ. ಬೀಗವನ್ನು ಕಂಡು ನಾಚಿ ಹಿಂದಿರುಗಿದ ಕಳ್ಳನ ಸಮಾಚಾರವನ್ನು ಯಾರೂ ಕೇಳಿದಂತಿಲ್ಲ. ಹಿಂದಿರುಗುವವರೆಲ್ಲ ನೆಂಟರು, ನೆರೆಯವರು, ಒಂದು ಲೋಟ ನೀರು ಕೇಳಲು ಬಂದ ದಾರಿಹೋಕರು. ಮನೆಯ ಬಾಗಿಲಿನ ಮಟ್ಟಿಗೆ ಈ ಮಾತು ಎಷ್ಟು ನಿಜವೋ ತಿಳಿಯದು. ಬರೆಹಕ್ಕೆ ಹಾಕುವ ಬೀಗದ ಮಟ್ಟಿಗಂತೂ ನಿಜವೆಂದು ಈಚೆಗೆ ಮನಗಂಡಿದ್ದೇನೆ.

ಬರೆಹಕ್ಕೂ ಬೀಗವೇ ಎಂದು ವಾಚಕರು ಕೇಳಬಹುದು. ಈಗಿನ ಕಾಲದಲ್ಲಿ ಅದೂ ಉಂಟು. ಅಂತರಜಾಲದ ಒಂದು ಪುಟದಲ್ಲಿ ನಾಲ್ಕು ಸಾಲು ಚೆನ್ನಾಗಿ ಕಂಡವೆಂದುಕೊಳ್ಳಿ. ಬರೆದಿಟ್ಟುಕೊಳ್ಳೋಣವೆಂದು ಮೌಸಿನ ಬಲಗುಂಡಿಯನ್ನು ಒತ್ತಿದರೆ ಅದು ಮೌನ ವಹಿಸುತ್ತದೆ. ಬೆರಳಿನಿಂದ ಅಕ್ಷರಗಳನ್ನು ಸವರಿದರೆ ಅವು ಕದಲುವುದಿಲ್ಲ. ಕೆಲವು ಕಡೆಯಲ್ಲಿ ಎಚ್ಚರಿಕೆಯ ಹಲಗೆಯೊಂದು ಧುತ್ತೆಂದು ಎದ್ದು, ನಕಲು ಮಾಡಕೂಡದೆಂದು ಗದರಿಸುವುದೂ ಉಂಟು. ಓದಲು ಕರೆದು ಕೂರಿಸಿದವರೇ ಜೇಬು ತಡಕಿ ನೋಡಿದಂತೆ ಅತಿಥಿಗೆ ಮುಜುಗರವಾಗುತ್ತದೆ.

ಅರಸೀಕೆರೆಯ ರೈಲ್ವೆ ಜಂಕ್ಷನ್ನಿನಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಹಿರಿಯ ಮಿತ್ರರೊಬ್ಬರು ನನಗಿದ್ದಾರೆ. ಅವರನ್ನು ರಾಯರೆಂದು ಕರೆಯೋಣ. ರೈಲುಗಳ ಬರವು ಹೋಗುಗಳ ನಡುವೆ ದೊರೆತ ಬಿಡುವನ್ನೆಲ್ಲ ಸುತ್ತಣ ಗುಡಿಗಳಿಗೆ ಧಾರೆಯೆರೆದವರು ಅವರು. ಅವರ ಮೊದಲ ಪ್ರೀತಿ ಊರಿನ ಈಶ್ವರ ದೇವಾಲಯ. ಸುಮಾರು 1220ರಲ್ಲಿ ಎದ್ದುನಿಂತ ಆ ಗುಡಿಯ ಮುಂದೆ 16 ಮೂಲೆಗಳ, ನಕ್ಷತ್ರಾಕಾರದ ತೆರೆದ ಮಂಟಪವೊಂದಿದೆ. ಅರಸೀಕೆರೆಯಲ್ಲಿ ರೈಲಿಳಿಯುವ ಪ್ರವಾಸಿಗಳು ಬೇಲೂರು ಹಳೇಬೀಡುಗಳ ಬಸ್ಸು ಹಿಡಿಯುವ ಅವಸರದಲ್ಲಿ ಅದರತ್ತ ತಿರುಗಿಯೂ ನೋಡುವುದಿಲ್ಲವೆಂಬುದು ರಾಯರ ದುಃಖ. ಆ ದುಃಖ ನೀಗಲೆಂದೇ ಅವರು ಮಗನ ನೆರವಿನಿಂದ ಸ್ವಂತ ಜಾಲತಾಣವೊಂದನ್ನು ತೆರೆದು, ತಾವು ತೆಗೆದ ಚಿತ್ರಗಳನ್ನೂ ಬರೆದ ಲೇಖನಗಳನ್ನೂ ಅದರಲ್ಲಿ ಇರಿಸಿದರು.

ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ಲೇಖನ ಬೇರೊಂದು ತಾಣದಲ್ಲಿ ಬೇರೊಬ್ಬರ ಹೆಸರಿನಲ್ಲಿ ಕಾಣಿಸಿಕೊಂಡಿತು. ಅಷ್ಟೇ ಆಗಿದ್ದರೆ ರಾಯರು ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಒಮ್ಮೆ ಊರಿನ ಸಭೆಯೊಂದರಲ್ಲಿ ಅವರು ಗುಡಿಯ ವಿಷಯವಾಗಿ ಮಾತನಾಡಿ ಕುಳಿತಾಗ ತರುಣನೊಬ್ಬ ಎದ್ದುನಿಂತು, “ಇದನ್ನೆಲ್ಲ ನಾನು ಆಗಲೇ ಓದಿದ್ದೇನೆ ಸಾರ್. ನೀವೂ ಅಲ್ಲಿಂದಲೇ ತೆಗೆದುಕೊಂಡಿರಾ?” ಎಂದು ವಿನಯದಿಂದಲೇ ಕೇಳಿದನಂತೆ. ಮರುದಿನ ರಾಯರು ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. “ಫೋಟೋ ಹೋದರೆ ಹೋಗಲಿ ಮೇಷ್ಟ್ರೇ. ನನ್ನ ಮಾತನ್ನು ನಾನೇ ಕದ್ದವನಾದೆನಲ್ಲ!” ಎಂದರು.

ಅವರ ಮಗ ತಂದೆಯ ಸಂಕಟವನ್ನು ನೋಡಲಾರದೆ ತಾಣಕ್ಕೆ ಬೀಗ ಜಡಿದ. ಬಲಗುಂಡಿ ಬಂದಾಯಿತು, ಅಕ್ಷರಗಳನ್ನು ಆಯುವಂತಿಲ್ಲವೆಂದಾಯಿತು. ಅದೂ ಸಾಲದೆಂದು ಲೇಖನಗಳನ್ನೆಲ್ಲ ಚಿತ್ರಗಳಾಗಿ ಮಾರ್ಪಡಿಸಿ, ಅಕ್ಷರಗಳ ಬದಲು ಅಕ್ಷರಗಳ ಛಾಯಾಚಿತ್ರವನ್ನು ಪುಟದಲ್ಲಿ ಅಂಟಿಸಿದ.

ಈ ಬೀಗದ ಗುಟ್ಟನ್ನು ಬಲ್ಲವರು ಹೇಳುವುದು ಇಷ್ಟೆ. ಪುಟವೊಂದು ನಮ್ಮ ಕಣ್ಣಿಗೆ ಬೀಳಬೇಕಾದರೆ ಅದರ ಪ್ರತಿಯೊಂದು ಮೊದಲು ನಮ್ಮ ಯಂತ್ರಕ್ಕೆ ಬಂದು ಇಳಿದಿರಬೇಕು. ಎಂದರೆ, ನಾವು ಓದತೊಡಗುವ ಮೊದಲೇ ನಕಲು ಆಗಿಹೋಗಿರುತ್ತದೆ! ನಕಲು ಮಾಡಬೇಡಿರೆಂಬ ಅಪ್ಪಣೆಯೂ ಆ ಪ್ರತಿಯ ಜೊತೆಯಲ್ಲಿಯೇ ನಮ್ಮ ಮನೆಗೆ ಬಂದು, ನಮ್ಮ ಯಂತ್ರದಲ್ಲಿಯೇ ಕುಳಿತು, ನಮ್ಮನ್ನೇ ಕಾಯುತ್ತದೆ. ಆ ಕಾವಲುಗಾರನನ್ನು ಹೊರಗೆ ಕಳಿಸುವ ವಿದ್ಯೆಯನ್ನು ಕಾಲೇಜು ಹುಡುಗರು ಐದು ನಿಮಿಷದಲ್ಲಿ ಕಲಿಯುತ್ತಾರೆ. ಅದನ್ನೂ ಅರಿಯದವನು ಕೈಯಲ್ಲಿರುವ ಫೋನಿನಿಂದ ತೆರೆಯ ಚಿತ್ರವನ್ನು ತೆಗೆದುಕೊಂಡರಾಯಿತು.

ರಾಯರ ವಿಷಯದಲ್ಲಿಯೂ ಹಾಗೆಯೇ ಆಯಿತು. ಬೀಗ ಬಿದ್ದ ಮೇಲೆಯೂ ಮಂಟಪದ ಹೊಸ ಚಿತ್ರವೊಂದು ಅಂಚು ಕತ್ತರಿಸಿಕೊಂಡು ಬೇರೆಡೆಗೆ ಹೊರಟುಹೋಯಿತು. ಬಾಗಿಲಲ್ಲಿ ನಿಂತವರು ಬೇರೆಯವರು. ನನ್ನ ತರಗತಿಯಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ಓದುತ್ತಿದ್ದಳು. ತೆರೆಯ ಮೇಲಿನ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೇ ಅವಳ ಕಣ್ಣು. ಹೊಯ್ಸಳರ ಮೇಲೆ ಪ್ರಬಂಧ ಬರೆಯುತ್ತಿದ್ದ ಅವಳಿಗೆ ನಾನೇ ರಾಯರ ತಾಣದ ವಿಳಾಸವನ್ನು ಕೊಟ್ಟಿದ್ದೆ. ಎರಡು ದಿನ ಬಿಟ್ಟು ಬಂದು, “ಆ ಪುಟದಲ್ಲಿ ಏನೂ ಇಲ್ಲ ಸಾರ್” ಎಂದಳು. ಅಕ್ಷರ ಚಿತ್ರವಾದರೆ ಆ ತಂತ್ರಾಂಶಕ್ಕೆ ಅದು ಬರಿಯ ಗೋಡೆ. ರಾಯರ ಇಷ್ಟು ವರ್ಷಗಳ ಶ್ರಮ ಅವಳ ಪಾಲಿಗೆ ಇಲ್ಲವೇ ಇಲ್ಲ! ಅದನ್ನು ತಿಳಿಸಿದಾಗ ರಾಯರು ಬಹಳ ಹೊತ್ತು ಮಾತನಾಡಲಿಲ್ಲ.

ಕಾಪಾಡಬೇಕಾದುದು ಏನನ್ನು ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಆಗ. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋಗುವ ದಾರಿಯಲ್ಲಿ ಕಣ್ಣು ತೆರೆದು ನಡೆದರೆ ಸಾಕು.

1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯ ಹೊರಗೋಡೆಗೆ ಬೀಗವಿಲ್ಲ. ಬಳಪದ ಕಲ್ಲಿನ ಆ ಕೆತ್ತನೆ ಮಳೆಗೂ ಬಿಸಿಲಿಗೂ ನೋಟಕ್ಕೂ ತೆರೆದುಕೊಂಡೇ ನಿಂತಿದೆ. ದರ್ಪಣ ಸುಂದರಿಯನ್ನು ನಕಲು ಮಾಡದ ಕುಶಲಿಗಳುಂಟೆ? ಕ್ಯಾಲೆಂಡರಿನಲ್ಲಿ, ಕಲ್ಯಾಣಮಂಟಪದ ಕಂಬದಲ್ಲಿ, ಗಂಧದ ತುಂಡಿನಲ್ಲಿ ಆಕೆ ಕನ್ನಡಿ ಹಿಡಿದು ನಿಂತಿದ್ದಾಳೆ. ಇಷ್ಟು ನಕಲುಗಳಾದರೂ ಬೇಲೂರಿನ ಚೆಲುವು ಒಂದು ಕೂದಲೆಳೆಯಷ್ಟೂ ಸವೆದಿಲ್ಲ; ನಕಲನ್ನು ಕಂಡವರು ಮೂಲವನ್ನು ಹುಡುಕಿಕೊಂಡು ಬರುತ್ತಾರೆ. ನಕಲಿನ ಮಾತೇಕೆ? ಅದೇ ಅಂಗಳದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ರಾಣಿ ಶಾಂತಲೆ ಕಟ್ಟಿಸಿದ್ದು ದೊಡ್ಡ ಗುಡಿಯ ವಿನ್ಯಾಸವನ್ನೇ ಚಿಕ್ಕದಾಗಿ ಅನುಸರಿಸಿ.

ಆ ಶಿಲ್ಪಿಗಳು ಅಷ್ಟೊಂದು ನಿರ್ಲಿಪ್ತರಾಗಿದ್ದರೆಂದು ಮಾತ್ರ ಯಾರೂ ಭಾವಿಸಬಾರದು. ಮದನಿಕೆಯರ ಪಾದದ ಕೆಳಗೆ ಬಗ್ಗಿ ನೋಡಿರಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಊರು ಬಿರುದುಗಳ ಸಮೇತ ಕೆತ್ತಿದ್ದಾರೆ. ಮುಂದಿನ ಶತಮಾನದ ರೂವಾರಿ ಮಲ್ಲಿತಮ್ಮನ ಕೈಬರೆಹ ನುಗ್ಗೇಹಳ್ಳಿ ಸೋಮನಾಥಪುರಗಳಲ್ಲೆಲ್ಲ ಸಿಗುತ್ತದೆ. ಬಿಡುವಿಲ್ಲದ ಆ ಪುಣ್ಯಾತ್ಮ ಕೆಲವೆಡೆ ಬರಿಯ ‘ಮಲ್ಲಿ’ ಎಂದು ಕೆತ್ತಿ ಮುಂದಿನ ಕಲ್ಲಿಗೆ ಹೋಗಿದ್ದಾನೆ. ಕೃತಿಯನ್ನು ಲೋಕಕ್ಕೆ ಬಿಟ್ಟುಕೊಟ್ಟು ಹೆಸರನ್ನು ಕಲ್ಲಿಗೆ ಒಪ್ಪಿಸಿದವರು ಅವರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಎಂಟು ಶತಮಾನಗಳಾಚೆಯ ಆ ಕುಶಲಿಗಳನ್ನು ನಾವು ಹೆಸರು ಹಿಡಿದು ಹೊಗಳಬಲ್ಲವರಾಗಿದ್ದೆವಷ್ಟೆ!

ಕಲ್ಲಿನ ಮಾತು ಹೀಗಾದರೆ ಕಾವ್ಯದ ಮಾತು ಇನ್ನೂ ಸ್ವಾರಸ್ಯವಾಗಿದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಮಾಡಿಸಿ ದಾನ ಮಾಡಿದಳೆಂಬುದು ನಾವು ತರಗತಿಯಲ್ಲಿ ಹೆಮ್ಮೆಯಿಂದ ಹೇಳುವ ಪಾಠ. ನಕಲು ಮಾಡಿಸಿದ್ದಕ್ಕಾಗಿಯೇ ದಾನಚಿಂತಾಮಣಿಯಾದವರು ಬೇರೆ ದೇಶಗಳಲ್ಲಿ ಎಷ್ಟು ಮಂದಿಯೋ! ಹೊಯ್ಸಳ ಸೋಮೇಶ್ವರನಿಗಾಗಿ ಮಲ್ಲಿಕಾರ್ಜುನನು ಸುಮಾರು 1245ರಲ್ಲಿ ಹಿಂದಣ ಕಾವ್ಯಗಳಿಂದ ಪದ್ಯಗಳನ್ನಾಯ್ದು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ. ಅವನ ಮಗ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಿಸಿದ. ಒಂದನೆಯ ಗುಣವರ್ಮನ ‘ಶೂದ್ರಕ’ವಾಗಲಿ ‘ಹರಿವಂಶ’ವಾಗಲಿ ಇಂದು ಇಡಿಯಾಗಿ ನಮಗೆ ದೊರೆಯುವುದಿಲ್ಲ. ಅವುಗಳಲ್ಲಿ ಉಳಿದಿರುವುದು ಇಂಥ ಗ್ರಂಥಗಳಲ್ಲಿ ಎತ್ತಿ ಬರೆದುಕೊಂಡ ಪದ್ಯಗಳಷ್ಟೆ. ಗುಣವರ್ಮನ ಓಲೆಗರಿಗೆ ಬೀಗವಿದ್ದು, ಎತ್ತಿ ಬರೆದುಕೊಳ್ಳುವವರಿಗೆ ಅಡ್ಡಿಯಾಗಿದ್ದರೆ ಅವನಿಂದು ನಮಗೆ ಬರಿಯ ಹೆಸರಾಗಿ ಉಳಿಯುತ್ತಿದ್ದ.

ಈ ಕಥೆಗೆ ಇನ್ನೊಂದು ಮುಖವಿದೆ. ಸೂಕ್ತಿಸುಧಾರ್ಣವದ ಎಷ್ಟೋ ಪದ್ಯಗಳು ಯಾರವೆಂದು ಇಂದಿಗೂ ಗೊತ್ತಿಲ್ಲ. ಪದ್ಯ ಬದುಕಿದೆ, ಕವಿ ಕಳೆದುಹೋಗಿದ್ದಾನೆ. ಕೇಶಿರಾಜ ಮಾತ್ರ ತನಗೆ ಲಕ್ಷ್ಯವಾದ ಕವಿಗಳನ್ನು ಗ್ರಂಥದ ಆದಿಯಲ್ಲಿಯೇ ಹೆಸರಿಸಿದ. ಆ ಪಟ್ಟಿಯಲ್ಲಿರುವ ಗಜಗ, ಮನಸಿಜ, ಚಂದ್ರಭಟ್ಟರ ಕೃತಿಗಳು ದೊರೆತಿಲ್ಲವಾದರೂ ಅಂಥವರಿದ್ದರೆಂಬ ಅರಿವು ನಮಗಿರುವುದು ಅವನ ಆ ಸೌಜನ್ಯದಿಂದ. ನಕಲಿನಿಂದ ಕೃತಿ ಉಳಿಯುತ್ತದೆ. ಹೆಸರು ಬಿಟ್ಟ ನಕಲಿನಿಂದ ಕರ್ತೃ ಅಳಿಯುತ್ತಾನೆ. ರಾಯರ ನೋವಿನ ಮೂಲ ಇದೇ ಅಲ್ಲವೆ?

ಶಾಸನಗಳ ಕಥೆಯೂ ಇದನ್ನೇ ಸಾರುತ್ತದೆ. ದತ್ತಿಯನ್ನು ಕೆಡಿಸಿದವನಿಗೆ ಘೋರ ಶಾಪವನ್ನು ಹಾಕುವ ಅವು, ತಮ್ಮನ್ನು ಓದಿ ಬರೆದುಕೊಂಡವನಿಗೆ ಒಂದು ಬಿರುನುಡಿಯನ್ನೂ ಆಡುವುದಿಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಹೊಂದಿಸಿ, ಕುಂಚದಿಂದ ಬಡಿದು, ಮಸಿ ಸವರಿ ಅಚ್ಚು ತೆಗೆಯುವ ಕ್ರಮದಿಂದ ನಾಡಿನ ಶಾಸನಗಳು ಪುಸ್ತಕವನ್ನು ಸೇರಿದವು. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಹೊರಬಂತು. ಅಚ್ಚಾದ ಮೇಲೆ ಕಲ್ಲೇ ಕಾಣೆಯಾದ ನಿದರ್ಶನಗಳು ನಾಡಿನಲ್ಲಿ ಉಂಟು. ಅಲ್ಲಿ ನಕಲೇ ಈಗ ಮೂಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಆ ಕಲ್ಲು ರಕ್ಷಣೆಗಾಗಿ ಊರು ಬಿಟ್ಟಿದೆ. ಊರಿನವರು ಅಭಿಮಾನದಿಂದ ತೋರಿಸುವುದು ಅದರ ಪ್ರತಿಕೃತಿಯನ್ನು.

ಹಾಗಾದರೆ ಬರೆದು ಬದುಕುವವರ ಗತಿಯೇನೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಬೆಲೆ ಕಟ್ಟಿ ಮಾರುವ ಪುಸ್ತಕವನ್ನು ಪುಕ್ಕಟೆ ಹಂಚುವುದು ಲೇಖಕನ ಅನ್ನವನ್ನು ಕಸಿದಂತೆ. ಅಲ್ಲಿ ಹಣ ಕೊಟ್ಟವರಿಗೆ ಮಾತ್ರ ಬಾಗಿಲು ತೆರೆಯುವುದು ಸಹಜ. ನಾನು ಹೇಳುತ್ತಿರುವುದು ಎಲ್ಲರೂ ಬಂದು ಓದಲೆಂದು ತೆರೆದಿಟ್ಟ ಪುಟದ ಮಾತು. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆಯೂ ಈ ವಿವೇಕವನ್ನು ಬಲ್ಲದು. ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆಗಳಿಗಾಗಿ ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ದೃಷ್ಟಿಹೀನರೇ ಮೊದಲಾದವರಿಗೆ ಅನುಕೂಲವಾದ ರೂಪದಲ್ಲಿ ಪ್ರತಿ ಮಾಡಿಕೊಡಲು 2012ರ ತಿದ್ದುಪಡಿ ಹಾದಿ ಮಾಡಿತು. ಜೊತೆಗೆ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೆ ಪ್ರತ್ಯೇಕವಾಗಿ ಕೊಟ್ಟಿದೆ. ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೆಯೂ ಅದು ಅವನಲ್ಲಿಯೇ ಉಳಿಯುತ್ತದೆ. ಕದ್ದ ಬರೆಹಕ್ಕೆ ಆಶ್ರಯ ಕೊಟ್ಟ ಜಾಲಸೇವೆಯವರಿಗೆ ಲಿಖಿತವಾಗಿ ದೂರು ಸಲ್ಲಿಸುವ ಮಾರ್ಗವೂ ಅದರಲ್ಲಿದೆ.

ರಾಯರು ಕೊನೆಗೆ ಬೀಗ ತೆಗೆಸಿದರು. ಅಕ್ಷರಗಳು ಮತ್ತೆ ಅಕ್ಷರಗಳಾದವು. ಪ್ರತಿಯೊಂದು ಲೇಖನದ ತಲೆಯಲ್ಲಿ ಅವರ ಹೆಸರೂ ಬರೆದ ದಿನಾಂಕವೂ ನಿಂತವು. ಚಿತ್ರಗಳ ಒಂದು ಮೂಲೆಯಲ್ಲಿ, ಕತ್ತರಿಸಿದರೆ ಚಿತ್ರವೇ ಕೆಡುವಂಥ ಜಾಗದಲ್ಲಿ, ಅವರ ಹೆಸರು ಸಣ್ಣದಾಗಿ ಕುಳಿತಿತು. ಕೆಳಗೆ ಎರಡೇ ಸಾಲಿನ ಒಕ್ಕಣೆ: ಬೇಕಾದವರು ಬಳಸಿಕೊಳ್ಳಬಹುದು, ಎಲ್ಲಿಂದ ಪಡೆದಿರೆಂಬುದನ್ನು ದಯವಿಟ್ಟು ಹೇಳಿರಿ. ಹೆಸರು ಬದಲಿಸಿ ಪ್ರಕಟಿಸಿದ್ದವರ ಮೇಲೆ ದೂರನ್ನೂ ಬರೆದು ಕಳಿಸಿದರು. ವಿದ್ಯಾರ್ಥಿನಿ ಪ್ರಬಂಧವನ್ನು ಮುಗಿಸಿ, ಅಡಿಟಿಪ್ಪಣಿಯಲ್ಲಿ ಅವರ ಹೆಸರನ್ನು ಕಾಣಿಸಿದಳು. ರಾಯರ ಬರೆಹಕ್ಕೆ ದೊರೆತ ಮೊದಲ ಸಂಭಾವನೆ ಅದೇ ಎನ್ನಬೇಕು.

ಇದರಿಂದ ಕಳವು ನಿಂತಿತೆಂದು ನಾನು ಹೇಳುವುದಿಲ್ಲ. ನಾಳೆಯೂ ಯಾರೋ ಒಬ್ಬರು ಆ ಚಿತ್ರವನ್ನು ಒಯ್ದಾರು, ಹೆಸರನ್ನು ಉಜ್ಜಿ ಹಾಕಿಯಾರು. ಅದನ್ನು ತಡೆಯುವ ಶಕ್ತಿ ಯಂತ್ರಕ್ಕಿಂತ ಹೆಚ್ಚಾಗಿ ನಮ್ಮಂಥ ಓದುಗರ ಕೈಯಲ್ಲಿದೆ. ಮೆಚ್ಚಿದ ನಾಲ್ಕು ಸಾಲನ್ನು ನೆಂಟರಿಗೆ ಫೋನಿನಲ್ಲಿ ಕಳಿಸುವಾಗ ಬರೆದವರ ಹೆಸರನ್ನೂ ಸೇರಿಸಲು ಎಷ್ಟು ಹೊತ್ತು ಬೇಕು? ಮಲ್ಲಿತಮ್ಮನಿಗೆ ಕಲ್ಲಿನಲ್ಲಿ ಎರಡಕ್ಷರ ಕೆತ್ತುವುದಕ್ಕೆ ಹಿಡಿದಷ್ಟು ಹೊತ್ತು ನಮಗೆ ಖಂಡಿತ ಹಿಡಿಯದು.