ಮೂಲೆಯಿಂದ ಬಂದ ಚೆಂಡು

ಬೆಂಗಳೂರಿನ ಶ್ರೀನಗರದ ನಮ್ಮ ಬೀದಿ ಅಪ್ಪಟ ಕ್ರಿಕೆಟ್ ಬೀದಿ. ಗೋಡೆ ಮೇಲೆ ಇದ್ದಿಲಲ್ಲಿ ಎಳೆದ ಮೂರು ಗೆರೆಗಳೇ ಸ್ಟಂಪು. ಅಲ್ಲಿಂದ ಫುಟ್‌ಬಾಲ್ ನೋಡಲು ನೀಲಿ ಅಂಗಿ ತೊಟ್ಟು ಬಸ್ಸು ಹತ್ತಿ, ಕಾರ್ಪೊರೇಷನ್ ಹತ್ತಿರ ಇಳಿದು ಕಂಠೀರವ ಕ್ರೀಡಾಂಗಣದತ್ತ ನಡೆಯುವಾಗ, ಡೋಲಿನ ಸದ್ದು ಕಿವಿಗೆ ಬಿದ್ದೊಡನೆ ಹೆಜ್ಜೆ ತಾನಾಗಿ ಚುರುಕಾಗುತ್ತಿತ್ತು.

ಆಗ ನನಗೆ ದಾಳಿಯೆಂದರೆ ಬೆಂಗಳೂರು ಎಫ್‌ಸಿಯ ಉದಾಂತ ಸಿಂಗ್ ಬಲಬದಿಯಲ್ಲಿ ಓಡುವುದಾಗಿತ್ತು. ಡಿಫೆಂಡರ್‌ನ ಬೆನ್ನಹಿಂದೆ ಚೆಂಡು ಬಿತ್ತೋ ಇಲ್ಲವೋ, ಆ ಹುಡುಗ ಅಲ್ಲಿರುತ್ತಿದ್ದ. ಎಡದಿಂದ ಸುನಿಲ್ ಛೆಟ್ರಿ ಒಳನುಗ್ಗುತ್ತಿದ್ದ. ನಡುವೆ ವೆನೆಜುವೆಲಾದ ಮಿಕು ಇಬ್ಬರು ಡಿಫೆಂಡರ್‌ಗಳನ್ನು ಮೈಮೇಲೆಳೆದುಕೊಂಡು ಉಳಿದವರಿಗೆ ದಾರಿ ಬಿಡಿಸುತ್ತಿದ್ದ. 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್ಎಲ್) ಮಿಕು 15, ಛೆಟ್ರಿ 14 ಗೋಲು ಹೊಡೆದರು. (ನಮ್ಮೂರ ಅಹ್ಮದ್ ಖಾನ್ ಆಡುತ್ತಿದ್ದ ಕಾಲಕ್ಕೆ ಮುಂಚೂಣಿಯಲ್ಲಿ ಐದು ಮಂದಿ. ಈಸ್ಟ್ ಬೆಂಗಾಲ್‌ನಲ್ಲಿ ಅವರಿದ್ದ ಆ ಐವರ ಸಾಲನ್ನು ಕಲ್ಕತ್ತೆಯವರು ಪಂಚಪಾಂಡವರೆಂದೇ ಕರೆದರು. ಅದನ್ನು ಕಣ್ಣಾರೆ ಕಾಣಬೇಕಿತ್ತು.)

ಕಾರ್ನರ್ ಕಿಕ್ಕನ್ನು ಮಾತ್ರ ನಾನು ದಾಳಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಗುಂಪಿನೊಳಕ್ಕೆ ಚೆಂಡು ಬಿಟ್ಟು ದೇವರ ಮೇಲೆ ಭಾರ ಹಾಕಿದಂತೆ ಅನ್ನಿಸುತ್ತಿತ್ತು.

2018ರ ಮಾರ್ಚ್ 17. ಕಂಠೀರವದಲ್ಲೇ ಫೈನಲ್, ಎದುರಿಗೆ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ಉದಾಂತ ಕೊಟ್ಟ ಕ್ರಾಸಿಗೆ ಛೆಟ್ರಿ ಮೈಚಾಚಿ ಹಾರಿ ತಲೆಕೊಟ್ಟ. ಗೋಲು! ನನ್ನ ಕನಸಿನ ದಾಳಿ ಅಂದರೆ ಅದೇ. ಆಮೇಲೆ ಅವರ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳನ್ನು ತಲೆಯಿಂದಲೇ ಗೋಲು ಮಾಡಿದ. 2-3ರಲ್ಲಿ ಸೋತು ಬಂದ ರಾತ್ರಿ ಊಟ ಸೇರಲಿಲ್ಲ.

ಸರಿಯಾಗಿ ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ಎದುರು ಮತ್ತೆ ಫೈನಲ್. ಮನೆಯ ಟೀವಿ ಮುಂದೆ ಕೂತಿದ್ದೆ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. 117ನೇ ನಿಮಿಷ, ದಿಮಾಸ್ ದೆಲ್ಗಾದೊನ ಕಾರ್ನರ್, ರಾಹುಲ್ ಭೇಕೆಯ ತಲೆ, 1-0. ಮೊದಲ ಐಎಸ್ಎಲ್ ಕಪ್ಪು ನಮ್ಮದಾಯಿತು.

ಆಮೇಲೆ ಎಷ್ಟು ಕಾರ್ನರ್‌ಗಳನ್ನು ಮತ್ತೆ ಮತ್ತೆ ಹಾಕಿ ನೋಡಿದೆನೋ! ಒಬ್ಬ ಸುಮ್ಮನೆ ಅಡ್ಡ ನಿಂತು ಎದುರಾಳಿಯ ಹೆಜ್ಜೆ ಕಟ್ಟುತ್ತಾನೆ; ಇನ್ನೊಬ್ಬ ತನಗೆ ಬಾರದ ಚೆಂಡಿಗೆಂದೇ ಹತ್ತಿರದ ಕಂಬದತ್ತ ಓಡಿ ಕಾವಲಿನವನನ್ನು ಎಳೆದೊಯ್ಯುತ್ತಾನೆ. ತಲೆಕೊಡಬೇಕಾದವನು ಬೇಗ ಹೊರಟರೆ ಬೆನ್ನಟ್ಟುವವನೂ ಜೊತೆಗೇ ಬರುತ್ತಾನೆ. ಅರೆಕ್ಷಣ ತಡೆದು ಹೊರಟರೆ ಆ ಓಟದ ಬಿರುಸೇ ಜಿಗಿತವಾಗುತ್ತದೆ. ದಿನಗಟ್ಟಲೆ ತಾಲೀಮು ಬೇಡುವ ಕೆಲಸವಿದು.

ಈಗ ಕಂಠೀರವದಲ್ಲಿ ಕಾರ್ನರ್ ಸಿಕ್ಕರೆ ಎಲ್ಲರ ಕಣ್ಣು ಬಾವುಟದ ಕಡೆ ತಿರುಗುತ್ತದೆ. ನಾನು ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ, ಚೆಂಡಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿರುವವನನ್ನು ಹುಡುಕುತ್ತೇನೆ.